ಮೇಜಿನ ಮೇಲೆ ನನ್ನ ಎಲೆ, ಬಾಯಲ್ಲಿ ಹತ್ತಿ

ಬ್ರಿಜ್ ಆಟ ಕಲಿಯಲು ನನಗೆ ಒಂದು ವಾರ ಸಾಕು ಎಂದು ನಾನು ಘೋಷಿಸಿದ್ದು ನಮ್ಮ ಕಟ್ಟಡದ ಲಿಫ್ಟಿನಲ್ಲಿ. ಲಿಫ್ಟು ಎರಡು ಮಹಡಿಗಳ ಮಧ್ಯೆ ಕೆಟ್ಟು ನಿಂತಿತ್ತು. ಒಳಗಿದ್ದವರು ನಾನು, ನನ್ನ ಹೆಂಡತಿ, ಮತ್ತು ಈ ಭೂಮಿಯ ಮೇಲೆ ಯಾರ ಜೊತೆ ನಾನು ಲಿಫ್ಟಿನಲ್ಲಿ ಸಿಕ್ಕಿಕೊಳ್ಳಬಾರದಿತ್ತೋ ಆ ಮನುಷ್ಯ!

ಆತ ಯಾರೆಂದು ಹೇಳಿಬಿಡುತ್ತೇನೆ. ನಾನು ಹಲ್ಲಿನ ಡಾಕ್ಟರು. ಆತನೂ ಹಲ್ಲಿನ ಡಾಕ್ಟರು. ಮನೆ ಇಬ್ಬರದೂ ಇದೇ ಕಟ್ಟಡದಲ್ಲಿ. ನನ್ನ ಕ್ಲಿನಿಕ್ಕು ರಸ್ತೆಯ ಈ ಬದಿಗೆ, ಆತನದು ಆ ಬದಿಗೆ. ನನ್ನಲ್ಲಿ ಕಾಯುವವರಿಗೆ ಗಟ್ಟಿಮುಟ್ಟಾದ ಮರದ ಬೆಂಚುಗಳಿವೆ. ಆತನಲ್ಲಿ ಮೆತ್ತನೆಯ ಸೋಫಾ, ಮೆಲುದನಿಯ ಸಂಗೀತ, ಸಾಲದ್ದಕ್ಕೆ ಗೋಡೆಯುದ್ದದ ಗಾಜಿನ ತೊಟ್ಟಿಯಲ್ಲಿ ಬಣ್ಣಬಣ್ಣದ ಮೀನು! ಮೀನಿಗೂ ಹಲ್ಲಿಗೂ ಏನು ಸಂಬಂಧ, ಹೇಳಿ? ಜನ ಇದನ್ನೆಲ್ಲ ಕೇಳುವುದಿಲ್ಲ. 'ಮೀನು ಡಾಕ್ಟ್ರು' ಅಂತ ಪ್ರೀತಿಯಿಂದ ಕರೆಯುತ್ತ, ಹಲ್ಲು ಚೆನ್ನಾಗಿದ್ದವರೂ ಅಲ್ಲಿಗೇ ಹೋಗುತ್ತಾರೆ. ನನಗೆ ಜನ ಇಟ್ಟ ಹೆಸರು ನನಗೆ ಗೊತ್ತಿಲ್ಲ. ಹೆಂಡತಿಗೆ ಗೊತ್ತಿದೆ, ಆದರೆ ಹೇಳುವುದಿಲ್ಲ.

ಲಿಫ್ಟು ನಿಂತ ಕೂಡಲೇ ಆತ ಗೋಡೆಗೆ ಅಂಟಿಸಿದ್ದ ಚೀಟಿಯನ್ನು ಓದಿದ. ಕಟ್ಟಡದ ವಾರ್ಷಿಕ ಬ್ರಿಜ್ ಸ್ಪರ್ಧೆ, ದಂಪತಿಗಳಿಗೆ ಮಾತ್ರ.

"ನೀವು ಆಡಲ್ವಾ ಡಾಕ್ಟ್ರೇ?" ಎಂದ.

"ಇಸ್ಪೀಟು ಎಲೆ ಹಿಡಿಯೋಕೆ ನನಗೆ ಪುರುಸೊತ್ತಿಲ್ಲ."

"ಪುರುಸೊತ್ತಿನ ಮಾತಲ್ಲ ಬಿಡಿ. ಇದು ಜೊತೆಗಾರರ ಮಾತು ಕೇಳಿಸ್ಕೊಂಡು ಆಡೋ ಆಟ. ನಿಮಗೆ ಒಗ್ಗಲ್ಲ."

ನನಗೆ ಒಗ್ಗಲ್ಲ! ನನ್ನ ಹೆಂಡತಿಯ ಎದುರಿಗೇ! ರಕ್ತ ನೆತ್ತಿಗೇರಿತು. "ಒಂದು ವಾರ ಕೊಡಿ ನನಗೆ! ಬ್ರಿಜ್ಜನ್ನು ಬೇರುಸಹಿತ ಕಿತ್ತು ನಿಮ್ಮ ಕೈಲಿಡ್ತೀನಿ. ಈ ಸ್ಪರ್ಧೆಯಲ್ಲಿ ನಿಮ್ಮನ್ನ ಸೋಲಿಸದಿದ್ರೆ ಕೇಳಿ!"

"ಸೋತ್ರೆ?"

"ಸೋತವನು ಗೆದ್ದವನ ಕ್ಲಿನಿಕ್ಕಿಗೆ ಹೋಗಿ ಕುರ್ಚಿ ಮೇಲೆ ಬಾಯಿ ತೆರೆದು ಕೂರಬೇಕು! ಹಗಲುಹೊತ್ತು! ಜನ ತುಂಬಿರುವಾಗ! ಬಾಗಿಲು ತೆಗೆದಿಟ್ಟು!"

ಹೇಳಿದ ಮೇಲೆ ಅದರ ಅರ್ಥ ನನಗೇ ಹೊಳೆಯಿತು. ಒಬ್ಬ ಹಲ್ಲಿನ ಡಾಕ್ಟರು ಎದುರು ಬದಿಯ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದ ಅಂದರೆ ಅವನು ತನ್ನ ಬೋರ್ಡನ್ನು ತಾನೇ ಕೆಳಗಿಳಿಸಿದ ಹಾಗೆ. ಆಮೇಲೆ ನನ್ನ ಬೆಂಚಿನ ಮೇಲೆ ಯಾರು ಕೂರುತ್ತಾರೆ? ಮಾತನ್ನು ವಾಪಸು ತೆಗೆದುಕೊಳ್ಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಆತ ನನ್ನ ಕೈ ಕುಲುಕಿದ. ಹಾಳಾದ ಲಿಫ್ಟು ಸರಿಯಾಗಿ ಆಗಲೇ ಹೊರಟಿತು!

ಮನೆಯ ಬಾಗಿಲು ತೆಗೆಯುತ್ತ ಹೆಂಡತಿ ಕೇಳಿದಳು, "ದಂಪತಿಗಳಿಗೆ ಮಾತ್ರ ಅಂತ ಬರೆದಿತ್ತಲ್ಲ, ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸಲಿಲ್ವಾ?"

"ನೀನು ಸುಮ್ನೆ ಎದುರಿಗೆ ಕೂತ್ಕೊ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಅವಳು ಕೋರ್ಟಿನಲ್ಲಿ ಶೀಘ್ರಲಿಪಿಗಾರ್ತಿ. ಬೆಳಗಿನಿಂದ ಸಂಜೆವರೆಗೆ ಬೇರೆಯವರ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಳ್ಳುವುದು ಕೆಲಸ. ಹಾಗಾಗಿ ಮನೆಯಲ್ಲೂ ಮಾತು ಕಡಿಮೆ. ಆದರೆ ನಾನು ಯಾವ ಕಾಲದಲ್ಲಿ ಏನು ಹೇಳಿದ್ದೆ ಎಂಬುದು ಅವಳ ತಲೆಯಲ್ಲಿ ಅಚ್ಚು ಒತ್ತಿದ ಹಾಗೆ ಇರುತ್ತದೆ. ಇಂಥ ನೆನಪಿನ ಶಕ್ತಿ ಸಂಸಾರಕ್ಕೆ ಒಳ್ಳೆಯದಲ್ಲ. ಬ್ರಿಜ್ಜಿಗೆ ಬಹಳ ಒಳ್ಳೆಯದಂತೆ!

ಹೀಗಂದವರು ಮೇಲಿನ ಮನೆಯ ಭೂಗೋಳದ ಮೇಡಂ. ಕೆಲಸದಿಂದ ನಿವೃತ್ತರಾದರೂ ನಕ್ಷೆ ತೋರಿಸುವ ಕೋಲು ಮಾತ್ರ ಅವರ ಕೈಬಿಟ್ಟಿಲ್ಲ. ಕಟ್ಟಡದಲ್ಲಿ ಬ್ರಿಜ್ ಕಲಿತವರೆಲ್ಲ ಅವರ ಶಿಷ್ಯರೇ. ಆಟಕ್ಕೆ ನಾಲ್ಕು ಜನ ಬೇಕು ಎಂದಾಗ ಹೆಂಡತಿ ತನ್ನ ತಾಯಿಯನ್ನು ಕರೆದಳು. ನಮ್ಮ ಅತ್ತೆ ಹೆಣೆಯುತ್ತಿದ್ದ ಸ್ವೆಟರನ್ನು ಕೆಳಗಿಟ್ಟು, "ನನಗೇನು ಬರುತ್ತಪ್ಪ ಇವೆಲ್ಲ" ಎನ್ನುತ್ತ ಬಂದು ಕೂತರು. ಅವರು ಎಲೆ ಹಂಚಿದ ರೀತಿ ನೋಡಿಯೇ ಇದು ಪಳಗಿದ ಕೈ ಎಂದು ನನಗೆ ಅನುಮಾನ ಬರಬೇಕಿತ್ತು.

ಮೇಡಂ ಮೇಜಿನ ನಾಲ್ಕು ಬದಿಗೆ ಕೋಲು ಬಡಿದರು. "ಉತ್ತರ, ದಕ್ಷಿಣ ಒಂದು ಜೋಡಿ. ಪೂರ್ವ, ಪಶ್ಚಿಮ ಒಂದು ಜೋಡಿ. ಒಬ್ಬೊಬ್ಬರಿಗೆ ಹದಿಮೂರು ಎಲೆ. ನಾಲ್ಕು ಜನ ಒಂದೊಂದು ಎಲೆ ಹಾಕಿದ್ರೆ ಒಂದು ಪಟ್ಟು. ಎಷ್ಟು ಪಟ್ಟು ಹೊಡೀತೀವಿ, ಇಸ್ಪೀಟು, ಆಟೀನು, ಡೈಮನ್, ಕಳಾವರ್ ಈ ನಾಲ್ಕರಲ್ಲಿ ಯಾವುದು ತುರುಪು ಅಂತ ಮೊದಲೇ ಕೂಗಬೇಕು. ಹತ್ತು ಪಟ್ಟು ಹೊಡೀತೀನಿ ಅನ್ನೋದಾದ್ರೆ ನಾಲ್ಕು ಅಂತ ಕೂಗಿ."

"ಹತ್ತಕ್ಕೆ ಹತ್ತು ಅನ್ನೋದಕ್ಕೆ ಏನು ಧಾಡಿ?"

"ಮೊದಲ ಆರು ಲೆಕ್ಕಕ್ಕಿಲ್ಲ."

"ಯಾಕಿಲ್ಲ? ಅವು ಮಾಡಿದ ಪಾಪ ಏನು?"

ಮೇಡಂ ಕೋಲಿನಿಂದ ನನ್ನ ಎಲೆಗಳನ್ನು ತಟ್ಟಿದರು. ನಾನು ಎಲೆ ಜೋಡಿಸಿಕೊಂಡೆ. ನನ್ನ ಪ್ರಶ್ನೆಗೆ ಉತ್ತರ ಇವತ್ತಿಗೂ ಸಿಕ್ಕಿಲ್ಲ, ಬೇಕಾದರೆ ನೀವೂ ಯಾರನ್ನಾದರೂ ಕೇಳಿ ನೋಡಿ!

ಮೊದಲ ಆಟದಲ್ಲಿ ಹೆಂಡತಿ ಆಟೀನು ಕೂಗಿದಳು. ನನ್ನ ಕೈಯಲ್ಲೂ ಆಟೀನು ತುಂಬಿತ್ತು. ಉದಾರ ಮನಸ್ಸಿನಿಂದ, "ನಾಲ್ಕು ಆಟೀನು!" ಎಂದು ಅವಳನ್ನು ಬೆಂಬಲಿಸಿದೆ. ಮಿಕ್ಕವರು ಪಾಸ್ ಎಂದರು. ಅತ್ತೆ ಒಂದೆಲೆ ಎಸೆದರು. ನಾನು ತೋಳು ಮಡಚಿ ಯುದ್ಧಕ್ಕೆ ಸಿದ್ಧನಾದೆ.

"ಎಲೆ ಕೆಳಗಿಡಿ," ಎಂದರು ಮೇಡಂ.

"ಯಾವ ಎಲೆ?"

"ಎಲ್ಲಾ. ಬಿಡಿಸಿ ಎಲ್ಲರಿಗೂ ಕಾಣೋ ಹಾಗೆ ಇಡಿ. ಆಟೀನು ಅಂತ ಮೊದಲು ಕೂಗಿದ್ದು ಅವರು. ಆಟ ಅವರದ್ದು. ನಿಮ್ಮ ಎಲೆಗಳನ್ನೂ ಅವರೇ ಆಡ್ತಾರೆ. ನೀವು ಡಮ್ಮಿ."

"ಏನು?"

"ಡಮ್ಮಿ. ಆಟ ಮುಗಿಯೋವರೆಗೂ ಯಾವ ಎಲೆ ಆಡಬೇಕು ಅಂತ ಹೇಳೋ ಹಾಗಿಲ್ಲ. ಸನ್ನೆ ಮಾಡೋ ಹಾಗಿಲ್ಲ. ತಪ್ಪು ಕಣ್ಣಿಗೆ ಕಂಡ್ರೂ ಬಾಯಿ ಮುಚ್ಕೊಂಡಿರ್ಬೇಕು."

ಎಂಥ ಅನ್ಯಾಯ ನೋಡಿ! ಎಕ್ಕ ನನ್ನದು, ರಾಜ ನನ್ನವನು, ರಾಣಿ ನನ್ನವಳು. ಎಲ್ಲರನ್ನೂ ಮೇಜಿನ ಮೇಲೆ ಮಲಗಿಸಿ ನಾನು ಕೈಕಟ್ಟಿ ಕೂರಬೇಕು! ನನ್ನ ವೃತ್ತಿಯನ್ನಾದರೂ ನೆನೆಯಬೇಡವೇ? ನಾನು ಹಗಲೆಲ್ಲ ಮಾತಾಡುವವನು. ನನ್ನ ಎದುರಿಗಿರುವವರು ಬಾಯಿ ತೆರೆದುಕೊಂಡು ಸುಮ್ಮನಿರುವವರು. ಇಷ್ಟು ವರ್ಷ ನಡೆದುಬಂದ ಈ ಪದ್ಧತಿಯನ್ನು ಯಾವುದೋ ಇಸ್ಪೀಟು ಎಲೆ ಬುಡಮೇಲು ಮಾಡುವುದೆಂದರೇನು?

ಹೆಂಡತಿ ಮಾತಿಲ್ಲದೆ ಹನ್ನೊಂದು ಪಟ್ಟು ಹೊಡೆದಳು. ಅತ್ತೆ ಅಷ್ಟೂ ಹೊತ್ತು ನನ್ನನ್ನೇ ನೋಡುತ್ತಿದ್ದರು.

"ಬಹಳ ಒಳ್ಳೆ ಆಟ ಮೇಡಂ," ಎಂದರು ಕೊನೆಗೆ. "ಅಳಿಯಂದ್ರು ಇಷ್ಟು ಹೊತ್ತು ಸುಮ್ನೆ ಕೂತಿದ್ದನ್ನ ನಾನು ಇದೇ ಮೊದಲು ನೋಡಿದ್ದು. ದಿನಾ ಆಡೋಣ!"

ಅಂದೇ ನಾನು ನಿರ್ಧರಿಸಿದೆ. ಇನ್ನು ಮೇಲೆ ಏನೇ ಆಗಲಿ, ಡಮ್ಮಿ ಮಾತ್ರ ಆಗಲಾರೆ! ದಾರಿಯೂ ಸುಲಭವಾಗಿತ್ತು. ಹೆಂಡತಿ ಏನು ಕೂಗಿದರೂ ಅದನ್ನು ಬಿಟ್ಟು ಬೇರೆಯದನ್ನು, ಇನ್ನೂ ಮೇಲೆ ಕೂಗುವುದು. ಅವಳು ಒಂದು ಇಸ್ಪೀಟು ಅಂದರೆ ನಾನು ಎರಡು ಡೈಮನ್. ಅವಳು ಎರಡು ಇಸ್ಪೀಟು ಅಂದರೆ ನಾನು ಮೂರು ಡೈಮನ್. ಅವಳು ಉಸಿರು ಬಿಟ್ಟರೆ ನಾನು ನಾಲ್ಕು! ಹೀಗೆ ಏರಿ ಏರಿ ಒಮ್ಮೆ ಆರು ಡೈಮನ್‌ಗೆ ಹೋಗಿ ನಿಂತೆ. ಹನ್ನೆರಡು ಪಟ್ಟು ಬೇಕಿತ್ತು. ಬಂದದ್ದು ಐದು.

ಮೇಡಂ ಕೋಲನ್ನು ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿಕೊಂಡರು. ಹೆಂಡತಿ ಮಾತ್ರ ತಣ್ಣಗೆ ಕೇಳಿದಳು.

"ನಾನು ಎರಡನೇ ಸಲ ಇಸ್ಪೀಟು ಅಂದ್ರೆ ಏನರ್ಥ?"

"ನಿನ್ನ ಹತ್ರ ಇಸ್ಪೀಟು ಜಾಸ್ತಿ ಇದೆ ಅಂತ."

"ಮೂರನೇ ಸಲ ಅಂದ್ರೆ?"

"ಇನ್ನೂ ಜಾಸ್ತಿ ಇದೆ ಅಂತ."

"ಗೊತ್ತಿದ್ದೂ ಡೈಮನ್ ಡೈಮನ್ ಅಂತ ಕೂಗ್ತಿದ್ರಾ?"

"ನೀನು ನನ್ನ ಮಾತು ಕೇಳ್ತೀಯೋ ಇಲ್ವೋ ಅಂತ ನೋಡ್ತಿದ್ದೆ."

"ಹಾಲ್‌ಗೆ ಬಣ್ಣ ಹೊಡೆಸುವಾಗ ಮೂರು ಸಲ ಬಿಳಿ ಅಂದೆ. ನೀವು ಮೂರು ಸಲ ಹಸಿರು ಅಂದ್ರಿ. ಈಗ ಯಾವ ಬಣ್ಣದ ಹಾಲ್‌ನಲ್ಲಿ ಕೂತಿದ್ದೀವಿ?"

ಎಲ್ಲರೂ ಗೋಡೆ ನೋಡಿದರು. ಆಟದ ಮಧ್ಯೆ ಗೋಡೆಯ ವಿಷಯ ಎತ್ತಬಾರದು ಎಂಬ ನಿಯಮ ಬ್ರಿಜ್ಜಿನಲ್ಲಿ ಇಲ್ಲದಿರುವುದು ನಾಚಿಕೆಗೇಡು!

ಮನೆಯಲ್ಲಿ ಬೆಂಬಲ ಸಿಗದಿದ್ದಾಗ ಕ್ಲಿನಿಕ್ಕಿನಲ್ಲಿ ಅಭ್ಯಾಸ ಶುರುಮಾಡಿದೆ. ಹಲ್ಲು ಕೊರೆಯುವುದು ಕೈಯ ಕೆಲಸ, ಬಾಯಿಗೆ ಬಿಡುವಿರುತ್ತದೆ. ಒಂದು ಬೆಳಿಗ್ಗೆ ಪೋಸ್ಟ್‌ಮನ್ ಬಂದು ಕುರ್ಚಿಯ ಮೇಲೆ ಮಲಗಿದ. "ಜೊತೆಗಾರ ಒಂದು ಕಳಾವರ್ ಕೂಗಿದ್ದಾನೆ ಅಂತಿಟ್ಕೊಳ್ಳಿ. ನಿಮ್ಮ ಕೈಲಿ ಆಟೀನು ಐದಿದೆ. ಏನು ಕೂಗ್ತೀರಿ?" ಎಂದು ಕೇಳಿದೆ.

"ಆ... ಆ..." ಎಂದ.

"ಸರಿಯಾಗಿ ಹೇಳಿದ್ರಿ! ಒಂದು ಆಟೀನು! ಈಗ ನಾನು ಎರಡು ಕಳಾವರ್ ಅಂದ್ರೆ?"

"ಆಆಆ!"

"ಭೇಷ್!"

ಅವನು ಕೂಗಿದ್ದು ಆಟೀನಲ್ಲ, ಮರಗಟ್ಟಿಸುವ ಇಂಜೆಕ್ಷನ್ನು ಇನ್ನೂ ಹತ್ತಿಲ್ಲ ಎಂದು ಹೇಳುತ್ತಿದ್ದ ಎಂಬುದು ಆಮೇಲೆ ಗೊತ್ತಾಯಿತು. ಮರುದಿನ ಅವನ ಸೈಕಲ್ಲು ಎದುರು ಬದಿಯ ಕ್ಲಿನಿಕ್ಕಿನ ಮುಂದೆ ನಿಂತಿತ್ತು. ಒಳಗೆ ಕೂತು ಮೀನು ನೋಡುತ್ತಿದ್ದ, ಕೃತಘ್ನ!

ಒಂದು ವಾರವೆಂದದ್ದು ಎರಡು ತಿಂಗಳಿಗೆ ಎಳೆಯಿತು. ಸ್ಪರ್ಧೆಯ ಹಿಂದಿನ ದಿನ ಹೆಂಡತಿ ನನ್ನನ್ನು ಎದುರಿಗೆ ಕೂರಿಸಿಕೊಂಡಳು.

"ನೋಡಿ, ನೀವು ಆ ಕುರ್ಚಿ ಮೇಲೆ ಬಾಯಿ ತೆರೆದು ಕೂರೋದು ನನಗೂ ಇಷ್ಟ ಇಲ್ಲ. ಗೆಲ್ಲೋಣ. ಆದ್ರೆ ಎರಡು ಮಾತು. ನಾನು ಕೂಗಿದ್ದನ್ನ ಕೇಳಿಸ್ಕೊಳ್ಳಿ. ಡಮ್ಮಿ ಆದಾಗ ಸುಮ್ನಿರಿ."

"ಮೊದಲನೇದು ಆಗುತ್ತೆ," ಎಂದೆ. "ಎರಡನೇದಕ್ಕೆ ಏನಾದ್ರೂ ವ್ಯವಸ್ಥೆ ಮಾಡ್ಬೇಕು."

ಆ ವ್ಯವಸ್ಥೆ ಹೊಳೆದದ್ದು ನನಗೇ, ಈ ಕೀರ್ತಿಯನ್ನು ಯಾರಿಗೂ ಬಿಟ್ಟುಕೊಡಲಾರೆ. ಹಲ್ಲು ಕೀಳುವಾಗ ಕೆನ್ನೆಗೂ ವಸಡಿಗೂ ನಡುವೆ ಹತ್ತಿಯ ಸುರುಳಿ ಇಡುತ್ತೇವಲ್ಲ? ಡಮ್ಮಿಯಾದ ಕೂಡಲೇ ನನ್ನ ಬಾಯಿಗೂ ಅದೇ! ಎಡಕ್ಕೆರಡು, ಬಲಕ್ಕೆರಡು, ನಾಲಿಗೆಯ ಕೆಳಗೊಂದು. ಇದಾದ ಮೇಲೆ ಎಂಥ ವಾಗ್ಮಿಯೂ ಮಿಸುಕಲಾರ.

ಸ್ಪರ್ಧೆ ನಡೆದದ್ದು ಕಟ್ಟಡದ ಸಭಾಕೋಣೆಯಲ್ಲಿ. ನಂಬುತ್ತೀರೋ ಇಲ್ಲವೋ, ನಾವು ಗೆಲ್ಲುತ್ತ ಹೋದೆವು! ಹೆಂಡತಿ ಕೂಗಿದಳು, ನಾನು ಕೇಳಿಸಿಕೊಂಡೆ, ಬೆಂಬಲಿಸಿದೆ, ಎಲೆ ಬಿಡಿಸಿಟ್ಟೆ, ಬಾಯಿಗೆ ಹತ್ತಿ ತುರುಕಿಕೊಂಡೆ. ಸಂಜೆಯ ಹೊತ್ತಿಗೆ ಉಳಿದದ್ದು ಎರಡೇ ಜೋಡಿ. ನಾವು, ಮತ್ತು ಮೀನು ಡಾಕ್ಟ್ರು ದಂಪತಿ. ಅಂಕಗಳು ಸಮಸಮ. ಕೊನೆಯ ಆಟ ಬಾಕಿ. ಅಂಪೈರ್ ಸ್ಥಾನದಲ್ಲಿ ಕೋಲು ಹಿಡಿದ ಮೇಡಂ. ಸುತ್ತ ಇಡೀ ಕಟ್ಟಡದ ಜನ. ಮುಂದಿನ ಸಾಲಿನಲ್ಲಿ ಅತ್ತೆ, ಸ್ವೆಟರಿನ ಸಮೇತ.

ಮೀನು ಡಾಕ್ಟ್ರು ಮೊದಲು ಬಾಯಿ ತೆಗೆದು ಒಂದು ಆಟೀನು ಎಂದ. ನಾನು ಪಾಸ್ ಎಂದೆ. ಆತನ ಹೆಂಡತಿಯೂ ಪಾಸ್. ನನ್ನವಳು ಒಂದು ಇಸ್ಪೀಟು ಎಂದಳು. ಆತ ಎರಡು ಆಟೀನು. ನನ್ನ ಎಲೆ ನೋಡಿದೆ. ಇಸ್ಪೀಟು ನಾಲ್ಕು, ಡೈಮನ್ ಎಕ್ಕ, ಡೈಮನ್ ರಾಣಿ. ಡೈಮನ್ ಕೂಗಿದರೆ ಆಟ ನನ್ನದಾಗಬಹುದು! ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಹೆಂಡತಿಯ ಮುಖ ನೋಡಿದೆ. ನುಂಗಿಕೊಂಡೆ. "ನಾಲ್ಕು ಇಸ್ಪೀಟು," ಎಂದೆ. ಎಲ್ಲರೂ ಪಾಸ್. ಇಂಥ ತ್ಯಾಗವನ್ನು ಆ ಕೋಣೆಯಲ್ಲಿ ಗುರುತಿಸಿದವರು ಒಬ್ಬರೂ ಇರಲಿಲ್ಲ!

ಎಲೆ ಬಿಡಿಸಿಟ್ಟೆ. ಹತ್ತಿ ತುರುಕಿಕೊಂಡೆ. ಅವಳು ಆಡಿದಳು. ಏನು ಆಡಿದಳು ಅಂತೀರಿ! ಎಂಟು ಪಟ್ಟು ನಮಗೆ, ಮೂರು ಅವರಿಗೆ. ಉಳಿದದ್ದು ಎರಡು, ಎರಡೂ ನಮಗೇ ಬೇಕು. ಮೇಜಿನ ಮೇಲೆ ನನ್ನ ಡೈಮನ್ ಎಕ್ಕ ಮತ್ತು ರಾಣಿ. ಹೆಂಡತಿ ಕೈಯಿಂದ ಸಣ್ಣ ಡೈಮನ್ ಹಾಕಿದಳು. ಅವಳ ನಂತರ ಆಡುವವನು ಮೀನು ಡಾಕ್ಟ್ರು, ಅವನೂ ಸಣ್ಣದು ಹಾಕಿದ. ಈಗ ನನ್ನ ಎರಡೆಲೆಗಳಲ್ಲಿ ಅವಳು ಒಂದನ್ನು ಹೇಳಬೇಕು. ನನಗೆ ಫಳಕ್ಕನೆ ಹೊಳೆಯಿತು. ಮೊದಲು ಕೂಗಿದವನು ಅವನು, ಅಂದರೆ ದೊಡ್ಡ ಎಲೆಗಳಿರುವುದು ಅವನ ಹತ್ತಿರ, ಹಾಗಾದರೆ ಡೈಮನ್ ರಾಜ ಅವನ ಕೈಯಲ್ಲೇ ಇದೆ! ಅವನ ಸರದಿ ಆಗಲೇ ಮುಗಿದಿದೆ, ಈಗ ರಾಣಿ ಹಾಕಿದರೆ ರಾಣಿಯೂ ಗೆಲ್ಲುತ್ತಾಳೆ, ಆಮೇಲೆ ಎಕ್ಕವೂ ಗೆಲ್ಲುತ್ತದೆ. ಎಕ್ಕ ಮೊದಲು ಹಾಕಿದರೆ ಅವನ ರಾಜ ಬಂದು ರಾಣಿಯನ್ನು ಹೊಡೆಯುತ್ತಾನೆ. ಕುರ್ಚಿ! ತೆರೆದ ಬಾಗಿಲು! ಬೋರ್ಡು!

ಹೆಂಡತಿ ಯೋಚಿಸುತ್ತಿದ್ದಳು. ಯಾಕೆ ಯೋಚಿಸಬೇಕು? ಇದರಲ್ಲಿ ಯೋಚಿಸುವುದೇನಿದೆ? ಬಾಯಿಗೇನೋ ಹತ್ತಿ ತುರುಕಿದ್ದೆ, ಬೆರಳಿಗೆ ಏನು ತುರುಕಲಿ! ಅದು ತನ್ನಷ್ಟಕ್ಕೆ ತಾನೇ ಹೋಗಿ ಡೈಮನ್ ರಾಣಿಯ ನೆತ್ತಿಯ ಮೇಲೆ ಕೂತಿತು. ಜೊತೆಗೆ ಗಂಟಲಿನಿಂದ, "ಊಂ! ಊಂ!" ಎಂಬ ಸದ್ದು ಬೇರೆ.

"ಅಂಪೈರ್!" ಎಂದ ಮೀನು ಡಾಕ್ಟ್ರು.

ಮೇಡಂ ಬಂದರು. ನನ್ನ ಬೆರಳು ಇನ್ನೂ ಅಲ್ಲೇ ಇತ್ತು. ಕೋಲಿನಿಂದ ಅದನ್ನು ಪಕ್ಕಕ್ಕೆ ಸರಿಸಿದರು. "ಡಮ್ಮಿ ಎಲೆ ತೋರಿಸಿದ್ದಾರೆ. ನಮ್ಮ ಸ್ಪರ್ಧೆಯ ನಿಯಮದ ಪ್ರಕಾರ ತೋರಿಸಿದ ಎಲೆ ಆಡೋ ಹಾಗಿಲ್ಲ. ಇನ್ನೊಂದು ಆಡಿ."

ಇನ್ನೊಂದು ಅಂದರೆ ಎಕ್ಕ. ಎಕ್ಕ ಬಿತ್ತು. ಮುಂದಿನ ಪಟ್ಟಿಗೆ ಮೀನು ಡಾಕ್ಟ್ರು ಡೈಮನ್ ರಾಜನನ್ನು ಎರಡು ಬೆರಳಲ್ಲಿ ಹಿಡಿದು, ಸವರಿ, ನನ್ನ ರಾಣಿಯ ಮೇಲೆ ಮೆಲ್ಲನೆ ಇಟ್ಟ. ಜನ ಚಪ್ಪಾಳೆ ತಟ್ಟಿದರು. ನಾನು ಹತ್ತಿಯನ್ನೆಲ್ಲ ಉಗಿದು ಎದ್ದುನಿಂತೆ.

"ಇದ್ಯಾವ ನ್ಯಾಯ? ನಾನು ತಪ್ಪು ಎಲೆ ತೋರಿಸಿದ್ನಾ? ಸರಿಯಾದ ಎಲೆ ತೋರಿಸಿದ್ದಕ್ಕೆ ಶಿಕ್ಷೆಯಾ? ನಾನು ತೋರಿಸದಿದ್ರೆ ಇವಳಿಗೆ ಹೇಗೆ ಗೊತ್ತಾಗ್ತಿತ್ತು?"

"ಮೊದಲನೇ ಕೂಗಿಗೇ ಗೊತ್ತಾಗಿತ್ತು," ಎಂದಳು ಹೆಂಡತಿ. "ರಾಣಿ ಅಂತ ಹೇಳೋಕೆ ಬಾಯಿ ತೆಗೀತಾ ಇದ್ದೆ."

"ಮತ್ತೆ ಯೋಚನೆ ಮಾಡ್ತಾ ಕೂತಿದ್ದು ಯಾಕೆ?"

"ಯೋಚನೆ ಮಾಡ್ತಿರಲಿಲ್ಲ. ಗೆದ್ದೆವಲ್ಲ ಅಂತ ಒಂದು ಗಳಿಗೆ ಖುಷಿ ಪಡ್ತಿದ್ದೆ."

ಅವಳು ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತು ಕೇಳಿ, ಉಗಿದ ಹತ್ತಿಯ ಸುರುಳಿಗಳನ್ನು ಒಂದೊಂದಾಗಿ ಹೆಕ್ಕಿ ಜೇಬಿಗೆ ಹಾಕಿಕೊಂಡೆ. ಹಾಗೆಂದು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ ಅಂದುಕೊಳ್ಳಬೇಡಿ. ತಪ್ಪು ನಿಯಮದ್ದು!

ಸೋಮವಾರ ಬೆಳಿಗ್ಗೆ, ಕ್ಲಿನಿಕ್ಕು ಗಿಜಿಗುಡುವ ಹೊತ್ತಿಗೆ, ರಸ್ತೆ ದಾಟಿದೆ. ಸಾಕ್ಷಿಗೆಂದು ಹೆಂಡತಿಯೂ ರಜೆ ಹಾಕಿ ಬಂದಿದ್ದಳು. ಸೋಫಾದ ಮೇಲೆ ಕೂತವರಲ್ಲಿ ಅರ್ಧಕ್ಕರ್ಧ ನನ್ನ ಹಳೆಯ ಬೆಂಚಿನವರೇ! ಒಬ್ಬರಾದರೂ ನಾಚಿಕೆಯಿಂದ ತಲೆ ತಗ್ಗಿಸಬೇಡವೇ? ಎಲ್ಲರೂ ಕತ್ತು ಉದ್ದ ಮಾಡಿ ನನ್ನನ್ನೇ ನೋಡಿದರು. ಒಳಕೋಣೆಯ ಬಾಗಿಲು ಒಪ್ಪಂದದಂತೆ ಹಾರು ಹೊಡೆದಿತ್ತು. ಮೆತ್ತನೆಯ ಕುರ್ಚಿಯ ಮೇಲೆ ಒರಗಿ ಬಾಯಿ ತೆರೆದೆ. ಹೆಂಡತಿ ಪಕ್ಕದಲ್ಲಿ ನಿಂತಳು.

ಮೀನು ಡಾಕ್ಟ್ರು ದೀಪ ಹತ್ತಿಸಿ ಬಗ್ಗಿದ. ಅವನ ಮುಖದ ನಗು ಮಾಯವಾಯಿತು. ಇನ್ನೂ ಬಗ್ಗಿದ. ಸಣ್ಣ ಕನ್ನಡಿ ಹಾಕಿ ನೋಡಿದ.

"ಇದೇನ್ರೀ ಇದು! ಕೆಳಗಿನ ಕೊನೇ ಹಲ್ಲು ಪೂರ್ತಿ ಹುಳುಕು ಹಿಡಿದಿದೆ. ಅದನ್ನ ಮುಟ್ಟೇ ಇಲ್ಲ. ಪಕ್ಕದಲ್ಲಿ ಕಲ್ಲಿನ ಹಾಗಿರೋ ಹಲ್ಲನ್ನ ಕೊರೆದು ಸಿಮೆಂಟ್ ತುಂಬಿದ್ದಾರೆ! ಯಾವ ಮಹಾನುಭಾವರ ಕೆಲಸ ಇದು?"

ಒಂದು ತಿಂಗಳಿನಿಂದ ಆ ಕಡೆಯ ನೋವು ಏಕೆ ನಿಂತಿಲ್ಲವೆಂದು ನನಗೆ ಆ ಕ್ಷಣ ತಿಳಿಯಿತು. ಹೊರಗೆ ಸೋಫಾದವರೆಲ್ಲ ಬಾಗಿಲ ಕಡೆಗೆ ವಾಲಿದರು. "ಆ... ಆ..." ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಅವನ ಎರಡು ಬೆರಳು ಬಿಡಲಿಲ್ಲ.

"ಅವರದ್ದೇ," ಎಂದಳು ಹೆಂಡತಿ. "ಬೇರೆಯವರ ಕೈ ನಂಬಲ್ಲ ಅಂತ ಹೋದ ತಿಂಗಳು ತಮಗೆ ತಾವೇ ಮಾಡ್ಕೊಂಡ್ರು. ಕನ್ನಡಿ ಹಿಡ್ಕೊಂಡಿದ್ದು ನಾನು."

"ಹಿಡ್ಕೊಂಡವರು ನೀವು, ಹಲ್ಲು ತಪ್ಪು ಅಂತ ನಿಮಗೆ ಕಾಣಿಸಲಿಲ್ವಾ?"

"ಕಾಣಿಸದೆ ಏನು, ಚೆನ್ನಾಗಿ ಕಾಣ್ತಿತ್ತು," ಎಂದಳು. "ಆದ್ರೆ ಆವತ್ತು ಆಟ ಅವರದ್ದು, ನಾನು ಡಮ್ಮಿ. ನಾನು ಯಾವತ್ತೂ ನಿಯಮ ಮುರಿಯಲ್ಲ ಡಾಕ್ಟ್ರೇ!"